ಕೇಸು ಮುಂದಕ್ಕೆ

ಜಾಕೆಟ್ಟಿನ ಜಿಪ್ಪು ಎಂದಿನಂತೆ ಎದೆಯ ಹತ್ತಿರ ಬಂದು ನಿಂತುಬಿಟ್ಟಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಸೇವಾವರ್ಷ ಮುಗಿಸಿ ಹೋಗುವವರು ಹಸಿರು ಜಾಕೆಟ್ಟನ್ನು ಒಗೆದು, ಇಸ್ತ್ರಿ ಮಾಡಿ, ಕೊಟ್ಟ ಸ್ಥಿತಿಯಲ್ಲೇ ವಾಪಸು ಮಾಡಬೇಕು ಎಂದು ಗೋಡೆಗೆ ಅಂಟಿಸಿದ್ದರು. ಕೊಟ್ಟಾಗಲೇ ಜಿಪ್ಪು ಕೆಟ್ಟಿತ್ತು ಎಂದು ಈಗ ಹೇಳಿದರೆ ಯಾರು ನಂಬುತ್ತಾರೆ. ಕನ್ನಡಿಯ ಮುಂದೆ ಅರ್ಧ ಎದೆ ತೆರೆದುಕೊಂಡು ನಿಂತವನಿಗೆ ತಾನು ಸಿಳ್ಳೆ ಹಾಕುತ್ತಿದ್ದೇನೆಂದು ಗೊತ್ತಾದದ್ದು ಮೇಲಿನ ಮಂಚದಿಂದ ದಿಂಬು ಬಂದು ಬೆನ್ನಿಗೆ ಬಿದ್ದಾಗ. ಎಸೆದವನು ಎಲ್ಲರೂ ಕಂಬ ಎಂದು ಕರೆಯುವವನು, ಇವನ ಹಾಗೆಯೇ ಸ್ವಯಂಸೇವಕ, ಮಂಚಕ್ಕಿಂತ ಕಾಲು ಉದ್ದ. "ಬೆಳಿಗ್ಗೆ ಬೆಳಿಗ್ಗೆ ಮದುವೆ ಗಂಡಿನ ಥರ ಆಡ್ಬೇಡ. ಶನಿವಾರ ಇನ್ನೂ ದೂರ ಇದೆ." ಶನಿವಾರ ಮಧ್ಯಾಹ್ನ ಅವನ ಬಸ್ಸು. ಒಂದು ವರ್ಷ ಕೆಲಸ ಮಾಡಿದ ಜಾಗವನ್ನು ಬಿಟ್ಟುಹೋಗುವವನಿಗೆ ಬೇಸರ ಅಂತ ಒಂದಿಷ್ಟಾದರೂ ಆಗಬೇಡವೇ ಎಂದು ಅವನು ತನ್ನೊಳಗೆಲ್ಲ ತಡಕಾಡಿದ. ಏನೂ ಸಿಗಲಿಲ್ಲ. ಹಸಿವಾಗಿತ್ತು, ಅಷ್ಟೇ. ಮೊನ್ನೆಯ ಬೀಳ್ಕೊಡುಗೆಯಲ್ಲಿ ಒಬ್ಬಳು ಮೈಕು ಹಿಡಿದು, ಈ ಕೇಂದ್ರ ನನ್ನ ಎರಡನೇ ಮನೆ ಎಂದು ಗಳಗಳ ಅತ್ತಿದ್ದಳು. ಅವನ ಸರದಿ ಬಂದಾಗ "ಥ್ಯಾಂಕ್ಸ್" ಎಂದು ಹೇಳಿ ಕೂತುಬಿಟ್ಟಿದ್ದ. ಕೂತ ಮೇಲೆ ಕಿವಿ ಬಿಸಿಯಾಗಿ, ಇನ್ನೇನಾದರೂ ಹೇಳಬೇಕಾಗಿತ್ತು ಅನ್ನಿಸಿ, ಎದ್ದರೆ ಇನ್ನೂ ಕೆಡುತ್ತದೆ ಎಂದು ಬೂಟಿನ ದಾರ ಕಟ್ಟಿಕೊಂಡಿದ್ದ. ಮೊದಲನೇ ಮನೆಯೇ ಸಾಕಾಗಿ ಬಂದವನು ಎರಡನೆಯದಕ್ಕೆ ಹೇಗೆ ಅಳುವುದು. ಡಿಗ್ರಿ ಮುಗಿದ ಮೇಲೆ ಒಂದು ಕಡೆ ಸಂದರ್ಶನಕ್ಕೆ ಹೋಗಿದ್ದ. ನಿಮ್ಮ ಬಗ್ಗೆ ಹೇಳಿ ಎಂದರು. "ಹೇಳೋದೇನಿದೆ ಸಾರ್" ಎಂದ. ಅವರೆಲ್ಲ ನಕ್ಕರು, ಅವನೂ ನಕ್ಕ, ಕೆಲಸ ನಗದವನಿಗೆ ಸಿಕ್ಕಿತು. "ಸುಮ್ನೆ ಮನೇಲಿ ಬಿದ್ದಿರೋದಕ್ಕಿಂತ" ಎಂದು ಅಮ್ಮ ದಿನವೂ ಅರ್ಧಕ್ಕೆ ಬಿಡುತ್ತಿದ್ದ ವಾಕ್ಯದ ಉಳಿದರ್ಧವಾಗಿ ಅವನು ಈ ಸೇವೆಗೆ ಸೇರಿದ್ದ.

ಪಾರ್ಶ್ವವಾಯು ಬಡಿದವರು ಮತ್ತೆ ನಡೆಯುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು, ಮಾತಾಡುವುದನ್ನು ಕಲಿಯುವ ಕೇಂದ್ರ ಅದು. ಸ್ವಯಂಸೇವಕರಲ್ಲಿ ಕೆಲವರು ನಡೆಸುತ್ತಿದ್ದರು, ಕೆಲವರು ಉಣಿಸುತ್ತಿದ್ದರು. ಅವನು ಮಾತಿನ ಜೊತೆಗಾರ. ಮಾತಿನ ಟೀಚರು ವಾರಕ್ಕೆರಡು ಸಲ ಬಂದು ಪಾಠ ಮಾಡಿ ಹೋಗುತ್ತಿದ್ದರು. ಉಳಿದಷ್ಟು ಹೊತ್ತು ರೋಗಿಯ ಎದುರಿಗೆ ಕೂತು ಮಾತಾಡುವುದು, ಅವರಿಂದ ಮಾತಾಡಿಸುವುದು ಅವನ ಕೆಲಸ. ಕೇಳಿದವರಿಗೆಲ್ಲ ಇದು ಒಂದು ಕೆಲಸವೇ ಅನ್ನಿಸುತ್ತಿತ್ತು. ಅಮ್ಮನಂತೂ ಫೋನಿನಲ್ಲಿ "ಹರಟೆ ಹೊಡೆಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ" ಎಂದಿದ್ದಳು. ಮೆಟ್ಟಿಲಿಳಿಯುವಾಗ ಸಂಯೋಜಕಿ ಬಾಗಿಲಲ್ಲಿ ನಿಂತು ಬೆರಳು ಬಾಗಿಸಿ ಕರೆದರು. ಸ್ವಯಂಸೇವಕರೆಲ್ಲ ಬೆನ್ನ ಹಿಂದೆ ಆಕೆಯನ್ನು ವೇಳಾಪಟ್ಟಿ ಎನ್ನುತ್ತಿದ್ದರು. ನಗುವುದಕ್ಕೂ ಆಕೆ ಒಂದು ಹೊತ್ತು ಗೊತ್ತುಮಾಡಿಕೊಂಡಿದ್ದಾರೆ ಎಂದು ಕಂಬನ ವಾದ.

"ಕೂತ್ಕೋ. ಜಡ್ಜ್ ಸಾಹೇಬ್ರ ಮಗಳು ನಿನ್ನೆ ಬಂದಿದ್ರು."

"ಹೌದಾ ಮೇಡಂ."

"ದೂರದ ಊರಿಂದ. ಇಷ್ಟು ದಿನ ಫೋನಲ್ಲಿ ಅಪ್ಪ ಬರೀ ಹೂಂ, ಹೂಂ ಅಂತಿದ್ರಂತೆ. ನಿನ್ನೆ ಎದುರಿಗೆ ಕೂತ್ಕೊಂಡು, ಅಪ್ಪಾಜಿ ಹೇಗಿದ್ದೀರಿ ಅಂತ ಕೇಳಿದಾರೆ. ಇವರು ಏನಂದ್ರು ಗೊತ್ತಾ?"

ಗೊತ್ತಿರಲಿಲ್ಲ. ಸಂಯೋಜಕಿ ಕನ್ನಡಕ ತೆಗೆದಿಟ್ಟು ಸಾಕ್ಷಿ ನುಡಿಯುವವರ ಹಾಗೆ ಬಿಡಿಬಿಡಿಯಾಗಿ ಹೇಳಿದರು. "ಸಕ್ಕತ್ತಾಗಿದೀನಿ ಗುರೂ. ನೀನ್ಯಾಕೆ ಮುಖ ಊದಿಸ್ಕೊಂಡಿದೀಯ. ಬಾ, ಟೀ ಹೊಡ್ಯೋಣ."

ಅವನಿಗೆ ನಗು ಬಂತು. ಆಕೆಗೂ ಬಂದಿತ್ತು, ಹೊತ್ತಾಗಿರಲಿಲ್ಲ, ತಡೆದುಕೊಂಡರು.

"ನಗ್ಬೇಡ. ಆಯಮ್ಮ ಹೌಹಾರಿದಾರೆ. ಅಪ್ಪಾಜಿ, ಹಾಗೆಲ್ಲ ಮಾತಾಡಬಾರದು, ನಾನು ನಿಮ್ಮ ಮಗಳು ಅಂದಿದಾರೆ. ಆಗ ಮುಚ್ಚಿದ ಬಾಯಿ, ಇನ್ನೂ ತೆಗೆದಿಲ್ಲ."

"ಮಾತು ಬಂತಲ್ಲ ಅಂತ ಖುಷಿ ಪಡ್ಬೇಕಿತ್ತು, ಮೇಡಂ."

"ಬಂದಿದೆ. ಯಾರ ಮಾತು ಬಂದಿದೆ? ನಿಂದು." ಆಕೆ ಕನ್ನಡಕ ಹಾಕಿಕೊಂಡರು. "ನೋಡು, ಈ ಸಲ ಅವರನ್ನ ಮನೆಗೆ ಕರ್ಕೊಂಡು ಹೋಗೋಣ ಅಂತಲೇ ಆಯಮ್ಮ ಬಂದಿರೋದು. ಈಗ ಹಿಂದೆಮುಂದೆ ನೋಡ್ತಿದಾರೆ. ನನ್ನ ಹತ್ರ ಮಾತೇ ಆಡದೆ ಇರೋರು, ನೀರು ಬೇಕು ಅಂತಲೂ ಕೇಳದೆ ಇರೋರು, ನಾನು ಆಫೀಸಿಗೆ ಹೋದ್ರೆ ಮನೇಲಿ ಹೇಗಿರ್ತಾರೆ ಅಂತ. ಅದೂ ಸರಿ. ಶನಿವಾರದ ತನಕ ನೋಡಿ, ಆಗಲಿಲ್ಲ ಅಂದ್ರೆ ಇನ್ನೊಂದು ವರ್ಷ ಇಲ್ಲೇ ಬಿಟ್ಟು ಹೋಗ್ತಾರೆ. ಹಾಗಾಗಿ ನೀನು ಎರಡು ಕೆಲಸ ಮಾಡು. ಇವತ್ತಿಂದ ನೆಟ್ಟಗೆ ಮಾತಾಡ್ಸು. ಗೌರವ ಕೊಟ್ಟು, ಬಹುವಚನ ಹಾಕಿ. ಇನ್ನೊಂದು, ನೀನೂ ಒಂದು ವರ್ಷ ಇರ್ತೀಯಾ ಯೋಚನೆ ಮಾಡು. ಅವರು ಇಲ್ಲಿ ಬಾಯಿ ಬಿಡೋದು ನಿನ್ನೊಬ್ಬನ ಹತ್ರ."

"ಯೋಚನೆ ಮಾಡ್ತೀನಿ ಮೇಡಂ" ಎಂದ. ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಅವನು ಹೋಗುವವನು. ಆದರೆ ಹೋಗುವುದಿಲ್ಲ ಎನ್ನುವ ಮುಖವೊಂದನ್ನು ಹಾಕಿಕೊಂಡು ಹೊರಗೆ ಬಂದ. ಹೊರಗೆ ಬಂದ ಮೇಲೂ ಆ ಮುಖ ಸ್ವಲ್ಪ ಹೊತ್ತು ಹಾಗೇ ಇತ್ತು, ಯಾರದೋ ಟೋಪಿ ಹಾಕಿಕೊಂಡ ಹಾಗೆ.

ಜಡ್ಜ್ ಸಾಹೇಬರ ಕೋಣೆಯ ಕಿಟಕಿಯಿಂದ ಬಸ್ ಡಿಪೋ ಕಾಣುತ್ತಿತ್ತು. ಅವರು ಅಂಗಿಯನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡು, ಬಲಗೈಯನ್ನು ಇನ್ನೊಬ್ಬರ ವಸ್ತುವಿನಂತೆ ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಬರುವ ಬಸ್ಸುಗಳನ್ನು ನೋಡುತ್ತ ಕೂತಿದ್ದರು. ಅವನು ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡ. "ನಮಸ್ಕಾರ ಸಾಹೇಬರೇ. ತಾವು ಬೆಳಗಿನ ತಿಂಡಿ ಸೇವಿಸಿದಿರಾ?" ಸಾಹೇಬರು ತಿರುಗಿ, ಕುಡಿದು ಕಟಕಟೆ ಹತ್ತಿದ ಸಾಕ್ಷಿಯನ್ನು ನೋಡುವ ಹಾಗೆ ನೋಡಿದರು. "ಇಂದು ಹವೆ ಹಿತಕರವಾಗಿದೆ." ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಸಾಹೇಬರು ಮತ್ತೆ ಬಸ್ಸುಗಳ ಕಡೆ ತಿರುಗಿದರು. ಮೊದಮೊದಲು ಹೀಗೆಯೇ ಇತ್ತು. ಟೀಚರು ಕೊಟ್ಟ ಚಿತ್ರಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದ: ಬೀಗದ ಕೈ, ಲೋಟ, ನಾಯಿ. ಒಂದೊಂದು ಅಕ್ಷರಕ್ಕೆ ಎಡಗೈ ಬೆರಳಿನಿಂದ ಒಂದೊಂದು ಸಲ ಕುರ್ಚಿಯ ಕೈ ಬಡಿಯಬೇಕು, ಬಡಿತದ ಮೇಲೆ ಮಾತು ಸವಾರಿ ಮಾಡಿಕೊಂಡು ಬರುತ್ತದೆ ಎಂದು ಟೀಚರು ಕಲಿಸಿದ್ದರು. ಅವನೂ ಜೊತೆಗೆ ಬಡಿಯುತ್ತಿದ್ದ. ನಾ, ಯಿ. ಇಪ್ಪತ್ತು ವರ್ಷ ಜನರಿಗೆ ಶಿಕ್ಷೆ ಕೊಟ್ಟವರು ಆ ನಾಯಿಯ ಚಿತ್ರವನ್ನು ನೋಡಿದ ರೀತಿಗೆ ಅವನೇ ಅದನ್ನು ಮಗುಚಿ ಇಟ್ಟಿದ್ದ. ರೋಗಿಗೆ ಆಸಕ್ತಿಯಿರುವ ವಿಷಯ ಮಾತಾಡಿ ಎಂದಿದ್ದರು ತರಬೇತಿಯಲ್ಲಿ. ಕಾನೂನಿನ ಬಗ್ಗೆ ಅವನಿಗೆ ತಿಳಿದಿದ್ದದ್ದು ಹೆಲ್ಮೆಟ್ ಇಲ್ಲದಿದ್ದರೆ ಹಿಡಿಯುತ್ತಾರೆ ಎಂಬುದೊಂದೇ. ಒಂದು ಮಧ್ಯಾಹ್ನ ಮಾತೆಲ್ಲ ಖಾಲಿಯಾಗಿ, ಬೇರೆ ದಾರಿ ಕಾಣದೆ, ತನ್ನ ಕಾಲೇಜು ಹಾಸ್ಟೆಲ್ಲಿನ ಬಕೆಟ್ ಜಗಳ ಹೇಳಲು ಶುರುಮಾಡಿದ.

ಒಬ್ಬನ ನೀಲಿ ಬಕೆಟ್ ಕಳೆಯಿತು. ಇನ್ನೊಬ್ಬನ ಕೋಣೆಯಲ್ಲಿ ನೀಲಿ ಬಕೆಟ್ ಸಿಕ್ಕಿತು. ಬಿರುಕು ನೋಡು, ಇದು ನನ್ನದೇ ಎಂದ ಮೊದಲನೆಯವನು. ಬಿರುಕು ಬಿಟ್ಟದ್ದು ನನ್ನ ಕೈಯಲ್ಲಿ, ಮೊನ್ನೆ ಎಂದ ಎರಡನೆಯವನು. ಇಬ್ಬರೂ ಸ್ನಾನ ಬಿಟ್ಟು ಒಂದು ವಾರ ಹೊಡೆದಾಡಿದರು. ಸುಮ್ಮನೆ ಹೇಳುತ್ತ ಹೋದವನು ಸಾಹೇಬರ ಎಡಗೈ ಕುರ್ಚಿಯ ಕೈಯನ್ನು ಬಡಿಯುತ್ತಿರುವುದನ್ನು ಕಂಡು ನಿಲ್ಲಿಸಿದ. "ಹಿ, ಡಿ, ಕೆ" ಎಂದಿದ್ದರು ಅವರು. ಬಿರುಕು ಇದ್ದದ್ದು ಹಿಡಿಕೆಯ ಹತ್ತಿರವೋ ತಳದಲ್ಲೋ ಎಂದು ಕೇಳುತ್ತಿದ್ದಾರೆ ಎಂದು ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಹಿಡಿಕೆ ಹತ್ರಾನೇ, ಎರಡೂ ಕಡೆ ತೇಪೆ ಹಾಕಿದ್ರು, ಆಮೇಲೆ ನೋಡಿದ್ರೆ ಒಳಗಡೆ ಆಫೀಸಿನ ಹೆಸರು ಬರೆದಿತ್ತು, ವಾರ್ಡನ್‌ನ ಬಕೆಟ್ ಅದು ಎಂದ. ಸಾಹೇಬರು ಕಣ್ಣು ಮುಚ್ಚಿ, ನಾಲ್ಕು ಸಲ ಬಡಿದು, ತೀರ್ಪು ಕೊಟ್ಟರು. "ಇ, ಬ್ರೂ, ಕ, ಳ್ರು." ತಿಂಗಳುಗಟ್ಟಲೆ ಹೂಂ ಎಂದು ಕೂತಿದ್ದ ಬಾಯಿಂದ ಬಂದ ಮೊದಲ ವಾಕ್ಯ ಅದು. "ಸೂಪರ್ ಗುರೂ" ಎಂದು ಅವನ ಬಾಯಿಂದ ಜಾರಿತು. ಅಂದದ್ದು ಯಾರಿಗೆ ಎಂದು ಹೊಳೆದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಸಾಹೇಬರ ಮುಖದ ಎಡ ಅರ್ಧ ನಕ್ಕಿತ್ತು. ಮಾರನೆಯ ದಿನ ಬಾಗಿಲು ತೆರೆದ ಕೂಡಲೇ "ಏನ್ ಗು, ರೂ" ಎಂದರು. ಅಲ್ಲಿಂದ ದಿನವೂ ಕೋರ್ಟು ಕೂತಿತು. ಇಸ್ತ್ರಿಪೆಟ್ಟಿಗೆ ಕೇಸು, ಮಲಗಿದವನಿಗೆ ಮೀಸೆ ಬರೆದ ಕೇಸು, ಲೈಬ್ರರಿಯಲ್ಲಿ ಪತ್ತೇದಾರಿ ಪುಸ್ತಕದ ಕೊನೆಯ ಹಾಳೆ ಹರಿದುಕೊಂಡು ಓದಲು ಬಂದವರಿಗೆಲ್ಲ ಆಟ ಆಡಿಸಿದವನ ಕೇಸು. ನಿಜವಾದ ಜಗಳಗಳು ಮುಗಿದ ಮೇಲೆ ಅವನು ರಾತ್ರಿ ಕೂತು ಹೊಸದಾಗಿ ಜಗಳ ಹುಟ್ಟಿಸತೊಡಗಿದ. ಸಾಹೇಬರು ಸಾಕ್ಷಿ ಕೇಳುತ್ತಿದ್ದರು, ಬೈಯುತ್ತಿದ್ದರು, "ಓಳು ಬಿ, ಡ್ಬೇ, ಡ" ಎನ್ನುತ್ತಿದ್ದರು. ಆ ಓಳು ಯಾರದು, ಆ ಸಕ್ಕತ್ತು ಯಾರದು ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮಗುವಿಗೆ ಹಾಲು ಕುಡಿಸುವವಳಿಗೆ ಅದು ತನ್ನ ಮೈಯದೆಂದು ಅನ್ನಿಸುತ್ತದೆಯೇ. ಈಗ ಅನ್ನಿಸಿತು. ಅಷ್ಟು ದೊಡ್ಡ ಮನುಷ್ಯರ ಖಾಲಿ ಬಾಯಿಯೊಳಗೆ ತಾನು ತನ್ನ ಹಾಸ್ಟೆಲ್ಲನ್ನು ಹಾಸಿಗೆ ಸಮೇತ ತಂದು ತುಂಬಿದ್ದೇನೆ. ತಪ್ಪು ಅನ್ನಿಸಿತು, ಅದರ ಕೆಳಗೆ, ನಾಚಿಕೆಯಾಗುವಷ್ಟು, ಹೆಮ್ಮೆ ಅನ್ನಿಸಿತು.

ಮಂಗಳವಾರ ಪೂರ್ತಿ ಬಹುವಚನದಲ್ಲಿ ಕಳೆಯಿತು. ಸಾಹೇಬರು ಹೂಂ ಎಂದೂ ಅನ್ನಲಿಲ್ಲ. ಬುಧವಾರ ಮಗಳು ಬಂದರು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದ, ಅಪ್ಪನ ಹಾಗೆಯೇ ಕತ್ತಿನ ತನಕ ಗುಂಡಿ ಹಾಕಿದ್ದ ಹೆಂಗಸು. ವಿಮಾ ಕಚೇರಿಯೊಂದರಲ್ಲಿ ದೊಡ್ಡ ಅಧಿಕಾರಿ. ಅವನ ಜಾಕೆಟ್ಟನ್ನು, ಅರ್ಧಕ್ಕೆ ನಿಂತ ಜಿಪ್ಪನ್ನು ನೋಡಿ, "ಆ ಹುಡುಗ ನೀವೇನಾ" ಎಂದರು. ಆ ಹುಡುಗ ನಾನೇ ಎಂದ. "ನಮ್ಮ ತಂದೆ ಕೋರ್ಟಲ್ಲಿ ಕೊಲೆಗಾರನಿಗೂ ಏಕವಚನ ಹಾಕಿದವರಲ್ಲ." "ಸ್ವಲ್ಪ ಹೊತ್ತು ಹೊರಗಿರ್ತೀರಾ?" ಅವನು ಹೊರಗಿನ ಬೆಂಚಿನ ಮೇಲೆ ಕೂತ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಪ್ಪಾಜಿ, ನಿಮಗೆ ಇಲ್ಲಿ ಅನುಕೂಲವಾಗಿದೆಯೇ. ಅಪ್ಪಾಜಿ, ಮನೆಯಲ್ಲಿ ನಿಮ್ಮ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ಪ್ರತಿ ವಾಕ್ಯವೂ ಇಸ್ತ್ರಿ ಮಾಡಿಕೊಂಡು ಬರುತ್ತಿತ್ತು, ಒಳಗೆ ಹೋಗಿ ಬೀಳುತ್ತಿತ್ತು, ಸದ್ದೇ ಇರಲಿಲ್ಲ. ಬಾವಿಗೆ ಕಲ್ಲು ಹಾಕಿದರೂ ಒಂದು ಗುಳುಂ ಕೇಳುತ್ತದೆ. ಅವನಿಗೆ ಒಳಗೊಳಗೇ ಸ್ವಲ್ಪ ಸಂತೋಷವಾಯಿತು, ಅದು ತಿಳಿದು ತನ್ನ ಮೇಲೆಯೇ ಅಸಹ್ಯವಾಯಿತು, ಆಮೇಲೆ ಆಕೆ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ನನ್ನ ಹತ್ರ ಯಾಕೆ ಮಾತಾಡಲ್ಲ?"

"ನೀವು ತಿದ್ದಿದ್ರಿ, ಮೇಡಂ."

"ತಿದ್ದಬಾರ್ದಾ? ನಮ್ಮನ್ನ ತಿದ್ದಿ ತಿದ್ದಿ ಬೆಳೆಸಿದ್ದು ಅವರೇ. ಊಟಕ್ಕೆ ಕೂತಾಗ ನಾನು ಒಂದು ಮಾತು ಅರ್ಧಕ್ಕೆ ಬಿಟ್ರೆ, ಅದನ್ನ ಮುಗಿಸೋ ತನಕ ತುತ್ತು ಎತ್ತೋ ಹಾಗಿರಲಿಲ್ಲ. ತಟ್ಟೆಯಲ್ಲಿ ಇದ್ದಿದ್ದು ಆರಿ ತಣ್ಣಗಾಗೋದು."

ಈಗ ಅವರ ಮಾತು ಅರ್ಧಕ್ಕೆ ನಿಲ್ಲುತ್ತದೆ, ಈಗ ನೀವು ಕಾಯಬೇಕು ಎಂಬ ಒಳ್ಳೆಯ ಉತ್ತರ ಅವನಿಗೆ ಹೊಳೆದದ್ದು ಮಾರನೆಯ ಬೆಳಿಗ್ಗೆ ಹಲ್ಲುಜ್ಜುವಾಗ. ಆಗ ಹೇಳಿದ್ದು, "ಪಾಪ, ಮೇಡಂ."

"ನಿಮ್ಮ ಹತ್ರ ಏನು ಮಾತಾಡ್ತಾರೆ ಅಷ್ಟೊಂದು?"

"ಕೇಸು."

"ಯಾವ ಕೇಸು?"

ಅವನು ಬಕೆಟ್ಟಿನ ಕಥೆ ಹೇಳಿದ. ಅರ್ಧ ಹೇಳುವಷ್ಟರಲ್ಲಿ ಆಕೆ ಹುಬ್ಬು ಗಂಟಿಕ್ಕಿ, "ಬಿರುಕು ಎಲ್ಲಿತ್ತು? ಹಿಡಿಕೆ ಹತ್ರಾನಾ, ತಳದಲ್ಲಾ?" ಎಂದರು. ಅವನು ಆಕೆಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಅದೇ ಮೂಗು, ಅದೇ ಹುಬ್ಬು. "ಮೇಡಂ, ನಿಮ್ಮ ಕೈಯಲ್ಲಿ ಆಗತ್ತೆ" ಎಂದ. ಏನು ಆಗುತ್ತದೆ ಎಂದು ಕೇಳಿದರು. ಹೇಳಿದ. ಅಪ್ಪನನ್ನು ಗುರೂ ಅನ್ನಬೇಕು, ಒಂದು ಕೇಸು ತಂದು ಮುಂದಿಡಬೇಕು. ಆಕೆ ಎದ್ದು ಹೋಗಲಿಲ್ಲ, ಅದೇ ಆಶ್ಚರ್ಯ.

"ಬೆರಳು ಹೀಗೆ ಬಡೀರಿ. ಗು, ರೂ. ಅನ್ನಿ ಮೇಡಂ."

"ಅಯ್ಯೋ, ಅಪ್ಪನಿಗೆ ಹೇಗ್ರೀ..."

"ಅಪ್ಪನಿಗಲ್ಲ, ಬೆಂಚಿಗೆ ಅನ್ನಿ."

ಆಕೆ ಆಚೀಚೆ ನೋಡಿ, ಕಣ್ಣು ಮುಚ್ಚಿ, ಬೆಂಚು ಬಡಿದು, "ಗುರುಗಳೇ" ಎಂದರು.

ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದ ಆಯಾ ನಿಂತು, ನಗು ತಡೆಯಲಾರದೆ ಟ್ರಾಲಿಯನ್ನೇ ಬಗ್ಗಿ ನೋಡಿದಳು. "ಬಹುವಚನ ಬೇಡ ಮೇಡಂ. ಪಕ್ಕದ ಮನೆಯೋನ ಹೆಗಲ ಮೇಲೆ ಕೈ ಹಾಕಿದ ಹಾಗೆ ಅನ್ಬೇಕು." "ನಾನು ಯಾರ ಹೆಗಲ ಮೇಲೂ ಕೈ ಹಾಕಿದವಳಲ್ಲ." "ಹಂಗಾದ್ರೆ ಹೋಮ್‌ವರ್ಕ್" ಎಂದುಬಿಟ್ಟ, ದೊಡ್ಡ ಅಧಿಕಾರಿಗೆ. ಆಕೆ ಹೂಂ ಎಂದರು, ಅಪ್ಪನ ಹೂಂ. ಗುರುವಾರ ಹತ್ತು ನಿಮಿಷ ಒಳಗಿದ್ದು ಬಂದು, "ಹಾಗೇ ಅನ್ನೋಕೆ ಹೋದೆ. ಮತ್ತೆ ಗುರುಗಳೇ ಅಂತಲೇ ಬಂತು. ನಕ್ಕರು. ಮಾತಾಡಲಿಲ್ಲ" ಎಂದರು. ನಕ್ಕರು ಎನ್ನುವಾಗ ಆಕೆಯ ದನಿ ಸ್ವಲ್ಪ ಹೊತ್ತು ಜಿಪ್ಪಿನ ಹಾಗೆ ನಿಂತು ಮುಂದಕ್ಕೆ ಹೋಯಿತು. ಅವನು ಬೂಟಿನ ದಾರ ನೋಡಿಕೊಂಡ. ಆ ರಾತ್ರಿ ಕಂಬ, "ಆ ಮುದುಕನಿಗೋಸ್ಕರ ನೀನು ನಿಲ್ತೀಯ, ನೋಡ್ತಿರು" ಎಂದ. "ನಿಲ್ಲಲ್ಲ." "ನಿಲ್ಲಲ್ಲ ಅನ್ನೋರೇ ನಿಲ್ಲೋದು." ಹಾಸ್ಟೆಲ್ಲಿನಲ್ಲಾಗಿದ್ದರೆ ದಿಂಬು ವಾಪಸು ಹೋಗುತ್ತಿತ್ತು. ಅವನು ಗೋಡೆ ಕಡೆ ತಿರುಗಿ, ನಿಂತರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ. ಏನೂ ಆಗುವುದಿಲ್ಲ. ಇನ್ನೊಂದು ವರ್ಷ ಒಬ್ಬರು ಅವನ ಮಾತನ್ನೇ ಅವನಿಗೆ ವಾಪಸು ಆಡುತ್ತಾರೆ. ಆ ಯೋಚನೆ ಬೇಡ ಅನ್ನಿಸುವಷ್ಟು ಹಿತವಾಗಿತ್ತು.

ಶುಕ್ರವಾರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ವೇಳಾಪಟ್ಟಿಯ ಬಹುವಚನವನ್ನು ಹೊರಗೆ ಬಿಟ್ಟು, "ಗುರೂ, ಒಂದು ಕೇಸಿದೆ" ಎಂದ.

ಸಾಹೇಬರು ಬಸ್ಸುಗಳನ್ನು ಬಿಟ್ಟು ತಿರುಗಿದರು. "ಬಂ, ದ್ಯಾ, ದಾರಿಗೆ."

"ಒಬ್ಬ ಹುಡುಗ ಒಂದು ಕಡೆ ಒಂದು ವರ್ಷ ಇರ್ತೀನಿ ಅಂತ ಒಪ್ಕೊಂಡಿದ್ದ. ಮುಗೀತು. ಈಗ ಇನ್ನೊಬ್ಬರಿಗೆ ಅವನಿಂದ ಒಂದು ಉಪಯೋಗ ಇದೆ. ಅವನು ಹೋದ್ರೆ ಅವರಿಗೆ ತೊಂದ್ರೆ. ಹೋಗ್ಬಹುದಾ, ಹೋಗ್ಬಾರ್ದಾ."

ಎಡಗೈ ಕುರ್ಚಿಯ ಮೇಲೆ ನಿಧಾನವಾಗಿ ಬಡಿಯಿತು. "ಒ, ಪ್ಪಂ, ದ?"

"ಒಂದೇ ವರ್ಷದ್ದು."

"ಹುಡು, ಗಂಗೆ, ಇರೋಕೆ, ಇಷ್ಟಾ?"

ಈ ಪ್ರಶ್ನೆ ಬರಬಹುದು ಎಂದು ಅವನು ಯೋಚಿಸಿರಲಿಲ್ಲ. ಡಿಪೋದಲ್ಲಿ ಯಾರೋ ಹಾರ್ನ್ ಪರೀಕ್ಷೆ ಮಾಡುತ್ತಿದ್ದರು. ಬೇಕಾದರೆ ಓಳು ಬಿಡಬಹುದಿತ್ತು. "ಇಲ್ಲ ಗುರೂ" ಎಂದ. "ಹೋಗೋಕೇ ಇಷ್ಟ. ಸಿಳ್ಳೆ ಹಾಕ್ತಿದಾನೆ, ನನ್ಮಗ."

ಸಾಹೇಬರು ಕಣ್ಣು ಮುಚ್ಚಿದರು. ತೀರ್ಪು ಬರುವ ಮುಂಚೆ ಅವರು ಹೀಗೆಯೇ ಮುಚ್ಚುವುದು. ಅವನು ಕಾದ. "ಮುಂ, ದ, ಕ್ಕೆ" ಎಂದರು ಕೊನೆಗೆ.

"ಯಾವಾಗ?"

"ಸೋಮ, ವಾರ."

ಶನಿವಾರ ತನ್ನ ಬಸ್ಸು ಎಂದು ಅವನೇ ಅವರಿಗೆ ಹತ್ತು ಸಲ ಹೇಳಿದ್ದ. ಮರೆತರೋ, ಮರೆಯದೆ ಹೇಳಿದರೋ, ಆ ಅರ್ಧ ನಗುವಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ಅದು ಅವರ ಮುಖ ಈಗ ಇರುವ ರೀತಿ, ಅಷ್ಟೇ ಇದ್ದರೂ ಇರಬಹುದು.

ಶನಿವಾರ ಬ್ಯಾಗು ಹೆಗಲಿಗೇರಿಸಿ ವಿದಾಯ ಹೇಳಲು ಹೋದಾಗ ಕೋಣೆಯ ಬಾಗಿಲು ತೆರೆದಿತ್ತು. ಮಗಳು ಅವನ ಕುರ್ಚಿಯಲ್ಲಿ ಕೂತಿದ್ದರು. ಕತ್ತಿನ ಗುಂಡಿ ಬಿಚ್ಚಿತ್ತು, ಸೆಖೆಗೋ ಧೈರ್ಯಕ್ಕೋ. ಬೆರಳು ಕುರ್ಚಿಯ ಕೈಯನ್ನು ಬಡಿಯುತ್ತಿತ್ತು. ಉಂಗುರ ಇದ್ದುದರಿಂದ ಅವನ ಬಡಿತಕ್ಕಿಂತ ಸದ್ದು ಜೋರು. "ಗುರೂ" ಎಂದರು ಆಕೆ. ಮೂಗಿನಿಂದ ಹೊರಟ, ತೊಳೆದು ಒರೆಸಿಟ್ಟಂಥ ಗುರೂ, ಆದರೂ ಗುರೂ. "ನಮ್ಮ ಆಫೀಸಲ್ಲಿ ಒಂದು ಕೇಸಿದೆ. ಇಬ್ಬರಿಗೆ ಒಂದೇ ಕಿಟಕಿ. ಒಬ್ಬಳು ತೆಗೀಬೇಕು ಅಂತಾಳೆ, ಒಬ್ಬಳು ಹಾಕ್ಬೇಕು ಅಂತಾಳೆ. ಆರು ತಿಂಗಳಿಂದ ಮಾತಿಲ್ಲ, ಕತೆಯಿಲ್ಲ. ನನ್ನ ಹತ್ರ ಬಂದಿದೆ. ನನಗೆ ತಲೆ ಕೆಟ್ಟಿದೆ."

ಸಾಹೇಬರು ಮಗಳನ್ನು ಬಹಳ ಹೊತ್ತು ನೋಡಿದರು. ಆಕೆ ಕಾದರು. ಏನನ್ನೂ ತುಂಬಿಸಿ ಕೊಡಲಿಲ್ಲ. ಎರಡು ಬಸ್ಸುಗಳು ಹೊರಟು ಹೋದವು.

"ಕಿ, ಟ, ಕಿ" ಎಂದರು ಸಾಹೇಬರು. "ಯಾವ, ದಿಕ್ಕು?"

"ಪಶ್ಚಿಮ."

"ಸೀ, ನಿಯರ್, ಯಾರು?"

"ಹಾಕೋಳು."

"ಕೊಬ್ಬು" ಎಂದರು, ಬಡಿಯದೆಯೇ. ಮಗಳ ಭುಜಗಳು ಅಲುಗತೊಡಗಿದವು. ನಗುತ್ತಿದ್ದಾರೋ ಏನೋ, ಬೆನ್ನು ಇವನ ಕಡೆಗಿತ್ತು. "ಕಿಟ, ಕಿ ಹತ್ರ, ನೀನು, ಕೂತ್ಕೋ, ಗುರೂ. ಇಬ್ರೂ, ಸಾಯ್ಲಿ."

"ಆಯ್ತು ಗುರೂ."

ಅವನು ಬಾಗಿಲಲ್ಲಿ ಕೆಮ್ಮಿದ. ಸಾಹೇಬರು ತಿರುಗಲಿಲ್ಲ. ಎಡಗೈಯನ್ನು ಮೇಲೆತ್ತಿ ಅಂಗೈ ತೋರಿಸಿದರು, ಹಿಂದಿನ ಸಾಲಿನಲ್ಲಿ ಯಾರೋ ಗಲಾಟೆ ಮಾಡಿದರೆ ತೋರಿಸುವ ಹಾಗೆ. ಕೋರ್ಟು ನಡೆಯುತ್ತಿತ್ತು. ಅವನು ಸ್ವಲ್ಪ ಹೊತ್ತು ಆ ಅಂಗೈಯನ್ನೇ ನೋಡುತ್ತ ನಿಂತ. ಇದೇ ಆಗಲಿ ಎಂದು ತಾನೇ ಬೆಂಚಿನ ಮೇಲೆ ಕೂತು ಪಾಠ ಹೇಳಿದ್ದು. ಆದರೆ ಇಷ್ಟು ಬೇಗ, ತಾನು ಇನ್ನೂ ಬಾಗಿಲಲ್ಲಿ ಇರುವಾಗಲೇ ಆಗಬೇಕಿತ್ತೇ. ಕಿವಿ ಬಿಸಿಯಾಯಿತು. ಬೂಟಿನ ದಾರ ಕಟ್ಟಿಕೊಂಡೇ ಇತ್ತು, ಕಟ್ಟಲು ಏನೂ ಉಳಿದಿರಲಿಲ್ಲ. ಕೆಳಗೆ ಸಂಯೋಜಕಿ ಜಾಕೆಟ್ಟನ್ನು ಬಿಡಿಸಿ ನೋಡಿ, "ಇದರ ಜಿಪ್ಪು ಕೊಟ್ಟಾಗ್ಲೇ ಕೆಟ್ಟಿತ್ತಲ್ಲ, ಹೇಳೋದಲ್ವಾ ಅವತ್ತೇ" ಎಂದರು. "ಸೋಮವಾರ ಅವರನ್ನ ಮನೆಗೆ ಕರ್ಕೊಂಡು ಹೋಗ್ತಾರಂತೆ. ಆಯಮ್ಮ ಈಗಷ್ಟೇ ಕೋಣೆಯಿಂದ ಫೋನ್ ಮಾಡಿ ಹೇಳಿದ್ರು. ಏನಂದ್ರು ಗೊತ್ತಾ? ಟೆನ್ಷನ್ ತಗೋಬೇಡಿ ಮೇಡಂ ಅಂತ, ನನಗೆ." ಆಮೇಲೆ, ಹೊತ್ತಾಗಿತ್ತೋ ಏನೋ, ಮೇಜು ಹಿಡಿದುಕೊಂಡು ನಕ್ಕರು. ಇನ್ನೊಂದು ವರ್ಷದ ಮಾತನ್ನು ಆಕೆ ಎತ್ತಲಿಲ್ಲ. ಎತ್ತಿದ್ದರೆ ಬೇಡ ಎನ್ನಲು ಅವನು ಒಂದು ಒಳ್ಳೆಯ ವಾಕ್ಯ ಸಿದ್ಧಮಾಡಿಕೊಂಡಿದ್ದ. ಅದನ್ನು ಹಾಗೇ ಹೊತ್ತುಕೊಂಡು ಹೊರಟ.

ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತು ಬಗ್ಗಿ ನೋಡಿದ. ಡಿಪೋದ ಆಚೆ ಆ ಕಿಟಕಿ ಕಂಡಿತು, ಒಳಗೆ ಯಾರೂ ಕಾಣಲಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತಿರಬೇಕು. ಸೋಮವಾರ ಅವನ ಕೇಸು ಕರೆಯುವ ಹೊತ್ತಿಗೆ ಅಲ್ಲಿ ಜಡ್ಜೂ ಇರುವುದಿಲ್ಲ, ಕೋರ್ಟೂ ಇರುವುದಿಲ್ಲ. ಬೇಸರ ಅಂತ ಏನಾದರೂ ಬಂದಿದೆಯೇ ಎಂದು ಮತ್ತೊಮ್ಮೆ ತಡಕಾಡಿದ. ಸಿಳ್ಳೆ ಹಾಕಲು ತುಟಿ ಮುಂದೆ ಮಾಡಿದ, ಗಾಳಿ ಮಾತ್ರ ಬಂತು.

"ಎಲ್ಲಿಗೆ?" ಎಂದ ಕಂಡಕ್ಟರ್.

ಹುಟ್ಟಿದ ಊರು, ಬಾಯಲ್ಲೇ ಇತ್ತು. ಆದರೆ ಅವನ ಎಡಗೈ ಬೆರಳು ಮೊದಲು ಕಂಬಿಯನ್ನು ಬಡಿಯಿತು, ಅಕ್ಷರಕ್ಕೊಂದರಂತೆ, ಮತ್ತು ಊರಿನ ಹೆಸರು ಆ ಬಡಿತದ ಮೇಲೆ ತುಂಡು ತುಂಡಾಗಿ ಹೊರಗೆ ಬಂತು. ಕಂಡಕ್ಟರ್ ಅವನ ಮುಖವನ್ನೂ ಬೆರಳನ್ನೂ ನೋಡಿದ. ಕಂಡಕ್ಟರನ ದನಿ ಮೆತ್ತಗಾಯಿತು, ದೊಡ್ಡದಾಯಿತು, ನಿಧಾನವಾಯಿತು. "ಆಯ್ತಪ್ಪಾ. ನಿಧಾನ. ಕೂತ್ಕೋ ಬಾ ಇಲ್ಲಿ." ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ದಪ್ಪ ಆಸಾಮಿಯನ್ನು, "ಏಳ್ರೀ ಸ್ವಲ್ಪ, ಪಾಪ, ಹುಷಾರಿಲ್ಲದ ಹುಡುಗ" ಎಂದು ಎಬ್ಬಿಸಿದ.

ಅವನು ಅಲ್ಲ ಎನ್ನಲು ಬಾಯಿ ತೆರೆದ. ಆಮೇಲೆ ಊರು ಇನ್ನೂ ದೂರ ಇದೆ ಎಂದು ನೆನಪಾಗಿ, ಹೂಂ ಎಂದು ಕೂತ.